ಅಮಾವಾಸ್ಯೆಯ ಲಸಿಕೆ

ನಮ್ಮಪ್ಪನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಪ್ರತಿ ವರ್ಷ ಕಬ್ಬು ಕಟಾವಾದಾಗ ಯಾವ ಗದ್ದೆಯಿಂದ ಎಷ್ಟು ಟನ್ ಹೋಯಿತು, ಕಡಿದವರ ಕೂಲಿ ಎಷ್ಟು, ಲಾರಿ ಬಾಡಿಗೆ ಎಷ್ಟು ಎಂದು ಅದರಲ್ಲಿ ಬರೆದಿಡುತ್ತಾರೆ. ನಾನು ಹುಟ್ಟುವುದಕ್ಕೆ ಮೊದಲಿನ ಲೆಕ್ಕವೂ ಅದರಲ್ಲಿದೆ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವವರನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದವಳು. ಅವರಿಗೆ ಕೊಡದಲ್ಲಿ ನೀರು ಹೊತ್ತುಕೊಂಡು ಹೋಗಿ ಕೊಟ್ಟಿದ್ದೇನೆ, ಅವರ ಮಕ್ಕಳ ಜೊತೆ ಕೂತು ಜಲ್ಲೆ ಸಿಗಿದು ತಿಂದಿದ್ದೇನೆ. ಆದರೆ ಆ ಮಕ್ಕಳಿಗೆ ಸೂಜಿ ಹಾಕಿಸುವವರು ಯಾರು ಅನ್ನುವ ಪ್ರಶ್ನೆ ನನಗೆ ಹತ್ತೊಂಬತ್ತು ವರ್ಷ ತುಂಬುವವರೆಗೆ ಹುಟ್ಟಿರಲಿಲ್ಲ.

ಆಗ ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ, ಎನ್‌ಎಸ್‌ಎಸ್ ಘಟಕದ ವಿದ್ಯಾರ್ಥಿ ನಾಯಕಿ. ದೀಪಾವಳಿ ಕಳೆದ ಮೇಲೆ ನಮ್ಮ ಏಳು ದಿನದ ವಿಶೇಷ ಶಿಬಿರ ನಾಲೆ ಬಯಲಿನ ಒಂದು ಊರಿನಲ್ಲಿ ನಡೆಯಿತು. ಐದನೇ ದಿನ ಶಾಲೆಯ ಆವರಣದಲ್ಲಿ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದೆವು. ಬಿ.ಪಿ., ಶುಗರ್, ಹಿಮೋಗ್ಲೋಬಿನ್ ನೋಡುತ್ತಿದ್ದರು. ಊರಿನವರು ಸಾಲಾಗಿ ನಿಂತಿದ್ದರು. ಶಾಲೆಯ ಬೇಲಿಯ ಆಚೆ ಏಳೆಂಟು ಮಕ್ಕಳು ನಿಂತು ನೋಡುತ್ತಿದ್ದವು, ಒಂದು ಹುಡುಗಿಯ ಸೊಂಟದ ಮೇಲೆ ಕೈಕೂಸು. ನಾನು ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನನ್ನು ಕೇಳಿದೆ, "ಅಕ್ಕ, ಅವರನ್ನೂ ಕರೀಲಾ?"

"ಅವು ಗುಡ್ಲೋರ ಮಕ್ಳು ಕಣವ್ವ. ನಮ್ ಲಿಸ್ಟಲ್ಲಿ ಬರಾಕಿಲ್ಲ."

ಆ ಅಕ್ಕ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ದಿನ ನಾನು ಅವರನ್ನು ಕೆಟ್ಟವರೆಂದೇ ತಿಳಿದು ರಾತ್ರಿಯೆಲ್ಲ ಗೆಳತಿಯರ ಹತ್ತಿರ ಬೈದುಕೊಂಡೆ. ಸಾವಿರ ಜನಕ್ಕೆ ಒಬ್ಬ ಆಶಾ ಅನ್ನುವುದು ಸರ್ಕಾರದ ಲೆಕ್ಕ. ಮನೆ ನಂಬರಿನ ಪ್ರಕಾರ ಆ ಸಾವಿರದ ಪಟ್ಟಿ ಮಾಡಿಕೊಂಡು ಅವರು ಓಡಾಡುತ್ತಾರೆ. ಟಾರ್ಪಾಲಿನ ಗುಡಿಸಲಿಗೆ ಮನೆ ನಂಬರ್ ಇರುವುದಿಲ್ಲ.

ಶಿಬಿರ ಮುಗಿದು ಎಲ್ಲರೂ ಸರ್ಟಿಫಿಕೇಟ್ ತೆಗೆದುಕೊಂಡರು. ನಾವು ಆರು ಜನ ಮಾತ್ರ ಮರುವಾರ ಬಸ್ ಹತ್ತಿ ವಾಪಸ್ ಆ ಊರಿಗೆ ಹೋದೆವು. ಮಧ್ಯಾಹ್ನ ಹನ್ನೆರಡಕ್ಕೆ ಗುಡಿಸಲುಗಳ ಹತ್ತಿರ ನಿಂತು ಎಣಿಸಿದೆವು. ಹದಿನಾಲ್ಕು ಗುಡಿಸಲು, ಒಂಬತ್ತು ಮಕ್ಕಳು, ಇಬ್ಬರು ಮುದುಕಿಯರು. ಅದನ್ನೇ ಇಟ್ಟುಕೊಂಡು ಒಂದು ಮನವಿ ಬರೆದೆವು. ಎರಡು ಪುಟ. ಸಂವಿಧಾನ, ಮಾನವೀಯತೆ, ನಿರ್ಲಕ್ಷ್ಯ, ಎಲ್ಲ ಪದಗಳೂ ಅದರಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅದನ್ನು ಪೂರ್ತಿ ಓದಿ, ಮಡಿಸಿ, ನನ್ನ ಕೈಗೇ ಕೊಟ್ಟರು.

"ಒಂಬತ್ತು ಮಕ್ಕಳು ಅಂತ ಬರೆದಿದ್ದೀಯಮ್ಮ. ಒಂದು ವರ್ಷದ ಒಳಗಿನವರು ಎಷ್ಟು? ಯಾರಿಗೆ ಯಾವ ಡೋಸ್ ಬಾಕಿ? ಗರ್ಭಿಣಿಯರು ಎಷ್ಟು ಜನ, ಎಷ್ಟನೇ ತಿಂಗಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದನ್ನ ತಗೊಂಡು ಬಾ. ನಾನು ಇಲ್ಲ ಅನ್ನಲ್ಲ" ಅಂದರು. ಆ ಹೊತ್ತಿಗೆ ನನಗೆ ಅಳು ಬಂದಿತ್ತು. ಈಗ ಯೋಚಿಸಿದರೆ, ಆ ಇಡೀ ಓಡಾಟದಲ್ಲಿ ನನಗೆ ಯಾರಾದರೂ ಮಾಡಿದ ದೊಡ್ಡ ಉಪಕಾರ ಅದೇ.

ನಮ್ಮ ಎನ್‌ಎಸ್‌ಎಸ್ ಮೇಷ್ಟ್ರು ಆ ಸಂಜೆ ನಮ್ಮನ್ನು ಕೂರಿಸಿಕೊಂಡು ಎಚ್.ಡಿ. ಕೋಟೆಯ ವಿಷಯ ಹೇಳಿದರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ್ದು, ಆಮೇಲೆ ಕೋಟೆಯ ಕಾಡಂಚಿಗೆ ಹೋಗಿ ಜೇನುಕುರುಬರ, ಕಾಡುಕುರುಬರ ಹಾಡಿಗಳ ನಡುವೆ ಆಸ್ಪತ್ರೆ ನಡೆಸಿದ್ದು. "ಅವರೂ ನಿಮ್ಮಂಥ ವಿದ್ಯಾರ್ಥಿಗಳೇ. ಆದರೆ ಅಲ್ಲೇ ಹೋಗಿ ಇದ್ದರು. ನೀವು ಬಸ್ಸಿಗೆ ಹೋಗಿ ಬಸ್ಸಿಗೆ ಬಂದಿದ್ದೀರಿ" ಅಂದರು. ನಾವು ಡಾಕ್ಟರುಗಳಲ್ಲ, ಅಲ್ಲಿ ಹೋಗಿ ನೆಲೆಸುವುದಕ್ಕೂ ಆಗುತ್ತಿರಲಿಲ್ಲ. ಆದರೆ ರಾತ್ರಿ ಹೋಗಬಹುದಿತ್ತು.

ನಮ್ಮ ತಂಡದ ಒಬ್ಬ ಹುಡುಗನ ಅತ್ತೆಯ ಮನೆ ಅದೇ ಊರಿನಲ್ಲಿತ್ತು. ಎರಡು ರಾತ್ರಿ ಅಲ್ಲಿ ಉಳಿದುಕೊಂಡೆವು. ಏಳು ಗಂಟೆಗೆ ಟ್ರ್ಯಾಕ್ಟರ್ ಬಂತು. ಇಳಿದವರ ಮೈಯೆಲ್ಲ ಸುಟ್ಟ ತರಗಿನ ಮಸಿ. ಹೆಂಗಸರು ಸೊಂಟದಲ್ಲಿ ಮಕ್ಕಳನ್ನು ಕಟ್ಟಿಕೊಂಡೇ ಇಳಿದರು. ಹಾಲು ಕುಡಿಯುವ ಕೂಸುಗಳನ್ನು ಗದ್ದೆಗೇ ಒಯ್ದು ಬದುವಿನ ಮೇಲೆ ಸೀರೆಯ ಜೋಲಿಯಲ್ಲಿ ಮಲಗಿಸುತ್ತಾರಂತೆ. ಮಧ್ಯಾಹ್ನ ನಾವು ಕಂಡಿದ್ದು ಬಿಟ್ಟುಹೋದ ಮಕ್ಕಳನ್ನು ಮಾತ್ರ. ಆ ರಾತ್ರಿ ಲಾಂದ್ರದ ಬೆಳಕಿನಲ್ಲಿ ಎಣಿಸಿದಾಗ ಇಪ್ಪತ್ತಮೂರು ಮಕ್ಕಳು, ಮೂವರು ಗರ್ಭಿಣಿಯರು. ಲಸಿಕೆ ತೀರ ಬೇಕಾಗಿದ್ದ ಕೈಕೂಸುಗಳಲ್ಲಿ ಒಂದೂ ನಮ್ಮ ಮೊದಲ ಎಣಿಕೆಗೆ ಸಿಕ್ಕಿರಲಿಲ್ಲ.

ಸುಲಭಕ್ಕೆ ಯಾರೂ ಮಾತಾಡಲಿಲ್ಲ. ಪುಸ್ತಕ, ಪೆನ್ನು ನೋಡಿ ಮೇಸ್ತ್ರಿ ಹತ್ತಿರ ಬಂದು ನಿಂತ. ಶಾಲೆ ಬಿಡಿಸಿ ಮಕ್ಕಳನ್ನು ಕೆಲಸಕ್ಕೆ ಕರೆತಂದಿದ್ದಾರೆಂದು ಕೇಸು ಹಾಕಲು ಬಂದವರು ಎಂದುಕೊಂಡಿದ್ದರು. ಹೆಸರು ಕೇಳಿದಾಗ ಒಬ್ಬಾಕೆ ಬೇರೆ ಹೆಸರು ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು. ಎರಡನೇ ರಾತ್ರಿ ಪುಸ್ತಕ ತೆಗೆಯಲೇ ಇಲ್ಲ. ಒಲೆಯ ಮುಂದೆ ಕೂತೆವು. ಅಲ್ಲಿ ಒಬ್ಬ ಅಜ್ಜಿ ಇದ್ದರು, ಎಲ್ಲರೂ ಆಯಿ ಅನ್ನುತ್ತಿದ್ದರು. ಅವರು ರೊಟ್ಟಿ ತಟ್ಟುತ್ತಾ ನಮ್ಮನ್ನೇ ವಿಚಾರಿಸಿದರು: ಯಾವ ಊರು, ಎಷ್ಟು ಜಮೀನು, ಕಬ್ಬು ಯಾರು ಕಡೀತಾರೆ. "ನಿಮ್ಮಂಥೋರೇ" ಅಂದೆ. ಆಯಿ ತಿರುಗಿ ನೋಡಿದರು. "ಹಂಗಾದ್ರೆ ನಿಮ್ಮಪ್ಪಗ ನಾವು ಗೊತ್ತಿರ್ತೀವಿ ಬಿಡವ್ವ" ಅಂದರು. ನನ್ನ ಬಾಯಿಂದ ಹೌದು ಎಂದು ಬರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಟನ್ನು.

ಕೈಯಲ್ಲಿ ಲಸಿಕೆಯ ಕಾರ್ಡ್ ಇದ್ದದ್ದು ನಾಲ್ಕು ಮಕ್ಕಳಿಗೆ. ಉಳಿದವು ಊರಿನಲ್ಲಿ, ಟ್ರಂಕಿನಲ್ಲಿ, ಅತ್ತೆಯ ಹತ್ತಿರ. ಕೆಲವರಿಗೆ ಕಾರ್ಡೇ ಆಗಿರಲಿಲ್ಲ, ಯಾಕೆಂದರೆ ಕೂಸು ಹುಟ್ಟಿದ್ದು ಹಿಂದಿನ ಸೀಸನ್ನಿನಲ್ಲಿ, ಬೇರೆ ಜಿಲ್ಲೆಯ ಇನ್ನೊಂದು ಗುಡಿಸಲಿನಲ್ಲಿ. ಆಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ನಮಗೊಂದು ವಿಷಯ ಹೇಳಿಕೊಟ್ಟರು: ಎಡ ತೋಳಿನ ಮೇಲ್ಭಾಗ ನೋಡಿ, ಸಣ್ಣ ಕಲೆ ಇದ್ದರೆ ಕ್ಷಯದ ಲಸಿಕೆ ಬಿಸಿಜಿ ಆಗಿದೆ ಎಂದು ತಿಳಿಯಬಹುದು. ಊರಿಗೆ ಫೋನ್ ಮಾಡಿಸಿ, ಕಾರ್ಡುಗಳ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡೆವು. ಅಲ್ಲಿಯ ಒಬ್ಬ ಆಶಾ ಕಾರ್ಯಕರ್ತೆ, ನಾವು ಮುಖ ಕಾಣದವರು, ಎರಡು ದಿನ ಮನೆಮನೆಗೆ ಹೋಗಿ ಹನ್ನೊಂದು ಕಾರ್ಡುಗಳ ಚಿತ್ರ ಕಳಿಸಿದರು. ಅವರ ಋಣ ನನ್ನ ಮೇಲಿದೆ.

ಈ ಹೊತ್ತಿಗೆ ನಿಯಮವೂ ತಿಳಿದುಕೊಂಡಿದ್ದೆವು. ಲಸಿಕೆ ಕಾರ್ಯಕ್ರಮದ ಸೂಕ್ಷ್ಮ ಯೋಜನೆಯಲ್ಲಿ ಇಟ್ಟಿಗೆ ಗೂಡು, ಕಟ್ಟಡ ಕಟ್ಟುವ ಜಾಗ, ಅಲೆಮಾರಿಗಳ ಬಿಡಾರ, ವಲಸೆ ಬಂದವರ ಗುಡಿಸಲು, ಇವನ್ನೆಲ್ಲ ಹೆಚ್ಚು ಅಪಾಯದ ಪ್ರದೇಶ ಎಂದು ಗುರುತಿಸಿ ಸೇರಿಸಬೇಕು. 2014ರ ಡಿಸೆಂಬರಿನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನದ ಉದ್ದೇಶವೇ ಹೀಗೆ ತಪ್ಪಿಹೋದ ಮಕ್ಕಳನ್ನು ಹುಡುಕುವುದು. ಮಗು ಯಾವ ಜಿಲ್ಲೆಯದು, ಆಧಾರ್ ಇದೆಯೋ ಇಲ್ಲವೋ ಅನ್ನುವುದಕ್ಕಾಗಿ ಲಸಿಕೆ ನಿಲ್ಲಬಾರದು. ಅಂದರೆ ನಾವು ಕೇಳುತ್ತಿದ್ದದ್ದು ದಾನವಲ್ಲ. ಕಾಗದದಲ್ಲಿ ಆಗಲೇ ಇದ್ದದ್ದು ಗುಡಿಸಲಿಗೆ ಬರಬೇಕಿತ್ತು, ಅಷ್ಟೇ.

ಗ್ರಾಮಸಭೆಯ ದಿನವನ್ನು ನಾನು ಬೇಗ ಹೇಳಿ ಮುಗಿಸಲಾರೆ. ಗುಡಿಸಲುಗಳ ಹತ್ತಿರ ಒಂದು ನಲ್ಲಿ, ಒಂದು ಬೀದಿದೀಪ, ಲಸಿಕೆಯ ದಿನ ಕೂರಲು ಅಂಗನವಾಡಿಯ ಕೋಣೆ, ಈ ಮೂರನ್ನು ಕೇಳಲು ಹೋಗಿದ್ದೆವು. ಒಬ್ಬರು ಎದ್ದು, "ಅವ್ರು ಇಲ್ಲಿ ವೋಟರ್ಸ್ ಅಲ್ಲ. ಮೂರು ತಿಂಗ್ಳು ಇದ್ದು ಹೊಂಟೋಯ್ತಾರೆ" ಅಂದರು. ನನ್ನ ಕೈ ನಡುಗುತ್ತಿತ್ತು. ಎದ್ದು ನಿಂತು ಹೇಳಿದೆ: "ದಡಾರಕ್ಕೆ ವೋಟರ್ ಲಿಸ್ಟ್ ಗೊತ್ತಿಲ್ಲ ಸಾರ್. ಆ ಮಕ್ಕಳಿಗೆ ಬಂದರೆ ನಿಮ್ಮ ಮಕ್ಕಳಿಗೂ ಬರುತ್ತೆ." ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೋಣೆ ಕೊಡಿಸುತ್ತೇವೆ ಅಂದರು, ನಲ್ಲಿಯೂ ಆಯಿತು. ಬೀದಿದೀಪ ಆಗಲಿಲ್ಲ.

ಆದರೆ ಸಭೆಯ ಹಿಂದುಗಡೆ ಗುಡಿಸಲಿನ ಇಬ್ಬರು ಗಂಡಸರು ಬಂದು ನಿಂತಿದ್ದರು. ಅವರನ್ನು ಕರೆದವರೂ ನಾವೇ. ನನ್ನ ಮಾತು ಕೇಳಿ ಅವರಲ್ಲೊಬ್ಬ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಆ ಮಾತಿನಲ್ಲಿ ಅವರ ಮಕ್ಕಳು ಊರಿಗೆ ರೋಗ ತರುವವರಾಗಿಬಿಟ್ಟರು. ಆ ಮಕ್ಕಳಿಗೆ ದಡಾರ ಬಂದರೆ ಆ ಮಕ್ಕಳಿಗೇ ನೋವು ಅನ್ನುವುದು ಸಾಲದಾಗಿತ್ತೇ? ಸಾಲುತ್ತಿರಲಿಲ್ಲವೇನೋ, ಆ ಸಭೆಯಲ್ಲಿ. ಆದರೂ ಆಮೇಲೆ ಎಲ್ಲಿಯೂ ಆ ವಾದ ಹೂಡಬಾರದೆಂದು ನಾವು ಆರೂ ಜನ ಮಾತಾಡಿಕೊಂಡೆವು. ಮರುದಿನ ಹೋಗಿ ಅವರ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಬಿಡವ್ವ, ನಲ್ಲಿ ಬಂತಲ್ಲ" ಅಂದರು. ಅದು ನನಗೆ ಸಮಾಧಾನ ಕೊಡಲಿಲ್ಲ.

ಈಗ ಹೆಸರು, ವಯಸ್ಸು, ಬಾಕಿ ಡೋಸ್ ಎಲ್ಲ ತುಂಬಿದ ಪಟ್ಟಿ ಇತ್ತು. ಸಿಸ್ಟರ್ ಅದನ್ನು ನೋಡಿ, "ಡ್ಯೂ ಲಿಸ್ಟ್ ಚೆನ್ನಾಗಿ ಮಾಡಿದ್ದೀರ. ಗುರುವಾರ ಕರ್ಕೊಂಡು ಬನ್ನಿ" ಅಂದರು. ಗುರುವಾರ ನಮ್ಮಲ್ಲಿ ಲಸಿಕೆಯ ದಿನ. ಮೊದಲ ಗುರುವಾರ ಹತ್ತು ಗಂಟೆಯಿಂದ ಕಾದೆವು. ಬಂದದ್ದು ಇಬ್ಬರು.

ಕಾರಣ ಕೇಳಿದರೆ ಲೆಕ್ಕ ಸರಳ. ಅಲ್ಲಿ ಗಂಡ-ಹೆಂಡತಿ ಜೋಡಿ ಕಡಿದರೆ ಕೂಲಿ. ಹೆಂಡತಿ ಕೂತರೆ ಗಂಡನದೂ ಅರ್ಧಕ್ಕೆ ನಿಲ್ಲುತ್ತದೆ. ಮೇಸ್ತ್ರಿಯ ಮುಂಗಡ ತೀರಬೇಕು. ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಬಂದ ಗದ್ದೆ ಕಾಯುವುದಿಲ್ಲ, ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಇದನ್ನು ರೈತರ ಮಗಳಾದ ನಾನು ಬಲ್ಲೆ. ನಮ್ಮ ಮನೆಯಲ್ಲೂ ಕಡಿಯುವವರು ಒಂದು ದಿನ ತಪ್ಪಿಸಿದರೆ ಅಪ್ಪ ಕೂಗಾಡುತ್ತಿದ್ದರು.

ಸಂಜೆ ಆರಕ್ಕೆ ಇಟ್ಟುಕೊಳ್ಳೋಣ ಅಂದೆ. ಸಿಸ್ಟರ್ ಸಿಟ್ಟಾಗಲಿಲ್ಲ, ಕೂರಿಸಿ ವಿವರಿಸಿದರು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಕ್ಯಾರಿಯರ್ ಡಬ್ಬದಲ್ಲಿ ನಾಲ್ಕು ಐಸ್ ಪ್ಯಾಕ್ ಇಟ್ಟು ತರಬೇಕು, ಮುಗಿದ ಮೇಲೆ ಉಳಿದದ್ದನ್ನು ಅದೇ ದಿನ ವಾಪಸ್ ಕೇಂದ್ರದ ಫ್ರಿಜ್‌ಗೆ ಸೇರಿಸಬೇಕು. ದಡಾರ-ರುಬೆಲ್ಲಾ ಬಾಟಲಿ ಒಮ್ಮೆ ಕಲಸಿದರೆ ನಾಲ್ಕು ಗಂಟೆಯಷ್ಟೇ ಆಯುಷ್ಯ. ಸೂಜಿ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಕೂರಿಸಿಕೊಂಡು ನೋಡಬೇಕು, ಏನಾದರೂ ಆದರೆ ಡಾಕ್ಟರ್ ಸಿಗಬೇಕು. "ಇಷ್ಟೆಲ್ಲ ಮುಗಿಸಿ ರಾತ್ರಿ ಒಂಬತ್ತಕ್ಕೆ ನಾಲೆ ಏರಿ ಮೇಲೆ ನಾನೊಬ್ಬಳೇ ಸ್ಕೂಟರಲ್ಲಿ ಹೋಗಬೇಕು. ನನಗೂ ಮನೇಲಿ ಮಕ್ಕಳಿದ್ದಾರೆ ಕಣಮ್ಮ." ನ್ಯಾಯ ಕೇಳಲು ಹೊರಟವರು ಇನ್ನೊಬ್ಬ ಹೆಂಗಸಿನ ರಾತ್ರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬಿಡಿಸಿಕೊಟ್ಟವರು ಆಯಿ. ಆ ಸಂಜೆ ಗುರುವಾರವೂ ಆಗುವುದಿಲ್ಲ, ರಾತ್ರಿಯೂ ಆಗುವುದಿಲ್ಲ ಎಂದು ನಾವು ಸಪ್ಪೆಮುಖ ಹಾಕಿಕೊಂಡು ಕೂತಿದ್ದಾಗ ಅವರು ಅಂದರು: "ಅಮಾಸಿ ದಿನ ನಾವು ಕುಡುಗೋಲು ಮುಟ್ಟಂಗಿಲ್ಲಲ್ಲ. ಅವತ್ತು ಬರ್ರಿ."

ಆ ಗ್ಯಾಂಗಿನವರದು ಅಮಾವಾಸ್ಯೆ ರಜೆ. ತಿಂಗಳಿಗೆ ಅದೊಂದೇ. ಆ ದಿನ ಎಲ್ಲರೂ ಗುಡಿಸಲಿನಲ್ಲೇ ಇರುತ್ತಾರೆ, ತಲೆಗೆ ಎರೆದುಕೊಳ್ಳುತ್ತಾರೆ, ಬಟ್ಟೆ ಒಗೆಯುತ್ತಾರೆ. ಹಗಲು ಹೊತ್ತಿನಲ್ಲೇ ಬರಬಹುದು.

ಓಡಿಹೋಗಿ ಸಿಸ್ಟರ್‌ಗೆ ಹೇಳಿದೆ. ಆಶಾ ಅಕ್ಕ ಪಕ್ಕದಲ್ಲಿದ್ದರು. "ಅಮಾಸೆ ದಿವ್ಸ ಎಳೆಮಕ್ಳಿಗೆ ಸೂಜಿ ಚುಚ್ಚುಸ್ತಾರಾ ಯಾರಾದ್ರೂ?" ಅಂದರು. ಸಿಸ್ಟರ್ ಮಾತ್ರ ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಬೆರಳಿಟ್ಟು ಎಣಿಸತೊಡಗಿದರು. ಪೆಂಟಾವೇಲೆಂಟ್ ಅನ್ನುವುದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಒಂದೇ ಸೂಜಿ, ಮೂರು ಸಲ ಹಾಕಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ನಾಲ್ಕು ವಾರ, ಅಂದರೆ 28 ದಿನ ಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ 29 ಇಲ್ಲವೇ 30 ದಿನ. ಎಳ್ಳಮಾವಾಸ್ಯೆಗೆ ಮೊದಲನೆಯದು, ಅವರಾತ್ರಿ ಅಮಾವಾಸ್ಯೆಗೆ ಎರಡನೆಯದು, ಶಿವರಾತ್ರಿ ಅಮಾವಾಸ್ಯೆಗೆ ಮೂರನೆಯದು. ಯುಗಾದಿಗೆ ಮುಂಚೆ ಅವರು ಊರಿಗೆ ಹೊರಡುವಷ್ಟರಲ್ಲಿ ಮೂರೂ ಮುಗಿಯುತ್ತದೆ. ಸಿಸ್ಟರ್ ನನ್ನ ಕಡೆ ನೋಡಿದರು. ಇಬ್ಬರಿಗೂ ಮಾತು ಹೊರಡಲಿಲ್ಲ.

ವೈದ್ಯಾಧಿಕಾರಿ ತಾಲ್ಲೂಕು ಕಚೇರಿಗೆ ಬರೆದು ಹೆಚ್ಚುವರಿ ಸೆಷನ್‌ಗೆ ಒಪ್ಪಿಗೆ ತರಿಸಿದರು. ನಾವು ಈ ಸಲ ಬರೆದ ಮನವಿ ಅರ್ಧ ಪುಟ, ಜೊತೆಗೆ ಪಟ್ಟಿ.

ಎಳ್ಳಮಾವಾಸ್ಯೆ ಅವರ ಕಡೆ ದೊಡ್ಡ ಹಬ್ಬ. ಅದು ನಮಗೆ ಗೊತ್ತಿರಲಿಲ್ಲ. ಬೆಳಗ್ಗೆ ಹೋದಾಗ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಎಳ್ಳಿನ ಹೋಳಿಗೆ ಮಾಡುತ್ತಿದ್ದರು. ಊರಿನಲ್ಲಾದರೆ ತಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಇಟ್ಟು ಚರಗ ಚೆಲ್ಲುತ್ತಾರಂತೆ. ಇಲ್ಲಿ ಅವರಿಗೆ ಹೊಲವಿಲ್ಲ. ಆಯಿ ಒಂದು ಬುಟ್ಟಿಯಲ್ಲಿ ಅನ್ನ, ರೊಟ್ಟಿ ಕಲಸಿಕೊಂಡು ಗುಡಿಸಲಿನ ಹಿಂದಿನ ಕಬ್ಬಿನ ಗದ್ದೆಯ ಅಂಚಿನಲ್ಲಿ, ಯಾರದೋ ಗದ್ದೆಯಲ್ಲಿ, ಚರಗ ಚೆಲ್ಲಿ ಬಂದರು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಅಂಗನವಾಡಿಗೆ ಬಂದು ಸಾಲಿನಲ್ಲಿ ಮೊದಲು ನಿಂತರು. ಅಮಾವಾಸ್ಯೆಗೆ ಸೂಜಿ ಬೇಡ ಎಂದು ಹಿಂಜರಿಯುತ್ತಿದ್ದ ಇಬ್ಬರು ತಾಯಂದಿರಿಗೆ ಅವರು ಹೇಳಿದ್ದು ಇಷ್ಟೇ: "ಹಬ್ಬದ ದಿನ ಒಳ್ಳೇದು ಮಾಡ್ಬಾರ್ದು ಅಂತ ಎಲ್ಲಿ ಐತೆ?"

ಆ ದಿನ ಹದಿನೇಳು ಮಕ್ಕಳಿಗೆ ಲಸಿಕೆಯಾಯಿತು. ಜ್ವರ ಬಂದರೆ ಏನು ಮಾಡಬೇಕೆಂದು ನಾಲ್ಕು ಸಲ ಹೇಳಿದೆವು, ಹನಿ ಔಷಧಿ ಕೊಟ್ಟೆವು, ರಾತ್ರಿ ಇಬ್ಬರು ಹುಡುಗರು ಅಲ್ಲೇ ಉಳಿದರು. ಮೂರು ಮಕ್ಕಳಿಗೆ ಮೈ ಬಿಸಿಯಾಯಿತು, ಬೆಳಗಿನ ಹೊತ್ತಿಗೆ ಇಳಿಯಿತು.

ಎಲ್ಲವೂ ಹೀಗೆ ಸರಿಹೋಯಿತು ಎಂದು ಹೇಳಲಾರೆ. ಮೂವರು ಗರ್ಭಿಣಿಯರಲ್ಲಿ ಒಬ್ಬಾಕೆಗೆ ಹಿಮೋಗ್ಲೋಬಿನ್ 7.6 ಇತ್ತು. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ 47.8% ಜನ ರಕ್ತಹೀನತೆಯವರು. ಪಾಠದಲ್ಲಿ ಓದಿದ್ದ ಆ ಅಂಕಿ ನನ್ನೆದುರು ಕೂತು ಮೇಲುಸಿರು ಬಿಡುತ್ತಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು, ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್‌ಗೆ ದೊಡ್ಡಾಸ್ಪತ್ರೆಗೆ ಹಲವು ಸಲ ಹೋಗಿ ಬರಬೇಕೆಂದರು. ಎರಡು ಸಲ ನಾನೇ ಕರೆದುಕೊಂಡು ಹೋದೆ. ಮೂರನೇ ಸಲ ಆಕೆ ಬರಲಿಲ್ಲ. ಆ ವಾರ ದೊಡ್ಡ ಗದ್ದೆಯ ಕಟಾವಿತ್ತು. 2017ರಿಂದ ಅಂಗನವಾಡಿಗಳಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಆದರೆ ಅದು ಮಧ್ಯಾಹ್ನಕ್ಕೆ, ಅಂಗನವಾಡಿಗೇ ಬಂದು ಉಣ್ಣಬೇಕು. ಆ ಹೊತ್ತಿಗೆ ಆಕೆ ಮೂರು ಕಿಲೋಮೀಟರ್ ದೂರದ ಗದ್ದೆಯಲ್ಲಿ ಬಗ್ಗಿ ಕಡಿಯುತ್ತಿದ್ದಳು. ಇದಕ್ಕೆ ನಮಗೆ ಅಮಾವಾಸ್ಯೆಯಂಥ ದಾರಿ ಸಿಗಲಿಲ್ಲ. ತಾಯಿ ಕಾರ್ಡ್ ಮಾತ್ರ ಮಾಡಿಸಿ, ದಪ್ಪ ಅಕ್ಷರದಲ್ಲಿ ಹಿಮೋಗ್ಲೋಬಿನ್ ಬರೆಸಿ ಕೈಗೆ ಕೊಟ್ಟೆವು. ಊರಿಗೆ ಹೋದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ರಕ್ತ ಕೊಡಬೇಕಾಯಿತು, ತಾಯಿ ಮಗು ಇಬ್ಬರೂ ಇದ್ದಾರೆ ಎಂದು ಗಂಡ ಫೋನ್ ಮಾಡಿದ. ಆ ಫೋನ್ ಬರುವವರೆಗೆ ಎಷ್ಟು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲವೋ.

ಶಿವರಾತ್ರಿ ಅಮಾವಾಸ್ಯೆಗೆ ಮೂರನೇ ಸುತ್ತು ಮುಗಿಯಿತು. ಎರಡು ಕುಟುಂಬಗಳು ನಡುವೆಯೇ ಬೇರೆ ಕಾರ್ಖಾನೆಯ ಕಡೆಗೆ ಹೋಗಿಬಿಟ್ಟಿದ್ದವು, ಆ ಮಕ್ಕಳ ಕೊನೆಯ ಡೋಸ್ ಏನಾಯಿತೋ ತಿಳಿಯಲಿಲ್ಲ. ಉಳಿದವರು ಹೊರಡುವ ದಿನ ನಾವು ಪ್ರತಿ ಕಾರ್ಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟೆವು. ಆಯಿ ತಮ್ಮ ಮೊಮ್ಮಗಳದನ್ನು ರೇಷನ್ ಕಾರ್ಡಿನ ಜೊತೆ ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆ ವರ್ಷ ಅಪ್ಪನ ಲೆಕ್ಕದ ಪುಸ್ತಕದಲ್ಲಿ, ನಮ್ಮ ಗದ್ದೆ ಕಡಿದ ಗ್ಯಾಂಗಿನ ಪುಟದ ಕೆಳಗೆ, ನಾನು ಪೆನ್ಸಿಲ್ಲಿನಲ್ಲಿ ಬರೆದೆ: ದೊಡ್ಡವರು 22, ಮಕ್ಕಳು 13, ಕೈಕೂಸು 4. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ನೋಡಿದರೆ ಅದರ ಮೇಲೆ ಪೆನ್ನಿನಲ್ಲಿ ತಿದ್ದಿ ಗಟ್ಟಿ ಮಾಡಿದ್ದರು.

ಮುಂದಿನ ಸೀಸನ್ನಿಗೆ ನಾನು ಕೊನೆಯ ವರ್ಷದಲ್ಲಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲಿ, ಕಡಿಯುವವರು ಬಂದು ಗುಡಿಸಲು ಹಾಕಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಒಂದು ಬೆಳಗ್ಗೆ ಆಶಾ ಅಕ್ಕನ ಫೋನ್ ಬಂತು.

"ಹನ್ನೊಂದು ಗುಡ್ಲು ಹಾಕವ್ರೆ ಕಣವ್ವ. ಅಮಾಸೆಗೆ ಇನ್ನೂ ಒಂಬತ್ತು ದಿವ್ಸ ಐತೆ."

"ನಾಳೆ ಬರ್ತೀನಿ ಅಕ್ಕ, ಪಟ್ಟಿ ಮಾಡೋಣ."

"ಮಾಡಿವ್ನಿ. ಹಗಲೊತ್ತು ಹೋದ್ರೆ ಯಾರು ಸಿಗ್ತಾರೆ? ನಿನ್ನೆ ರಾತ್ರಿ ಹೋಗಿದ್ದೆ."